ಏಳು ಸುತ್ತಿನ ಕೋಟೆ ಮತ್ತು ‘ಜೆನೆರಿಕ್ 450’

ಹೊಳಲ್ಕೆರೆ ಹತ್ತಿರದ ನಮ್ಮ ಅಜ್ಜನ ಮನೆಯನ್ನು ಈ ಬೇಸಿಗೆಗೆ ಕೆಡವುತ್ತಾರಂತೆ. ಅದಕ್ಕೂ ಮೊದಲು ಅಳತೆ ತೆಗೆದು ಕಂಪ್ಯೂಟರಿನಲ್ಲಾದರೂ ಉಳಿಸೋಣ ಅಂತ ಟೇಪು, ಲ್ಯಾಪ್‌ಟಾಪು ಹಿಡಿದು ಹೋಗಿದ್ದೆ. ಕಟ್ಟಡ ವಿನ್ಯಾಸದ ಸಾಫ್ಟ್‌ವೇರಿಗೆ ಗೋಡೆಗಳ ಬಗೆಗಳನ್ನು ಪಟ್ಟಿ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಆದರೆ ಪಡಸಾಲೆಯ ಮೊದಲ ಗೋಡೆಗೇ ಸಿಕ್ಕಿಬಿದ್ದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಪಟ್ಟಿಯಲ್ಲಿ ಅಂಥದ್ದಿಲ್ಲ. ‘ಜೆನೆರಿಕ್ 450’ ಅಂತ ಹಾಕಿದೆ.

“ಹಂಗಂದ್ರೇನೋ?” ಅಂದರು ಚಿಕ್ಕಪ್ಪ.

“ಯಾವುದೋ ಒಂದು ಗೋಡೆ, 450 ಮಿಲಿಮೀಟರ್ ದಪ್ಪ ಅಂತ.”

ಅವರು ಏನೂ ಹೇಳದೆ ಎದ್ದು ಹೋದರು. ಕೆಡವುವ ಮನೆಗೆ ‘ಯಾವುದೋ ಒಂದು’ ಅಂತ ಬರೆದಿದ್ದು ನನಗೂ ಚುಚ್ಚಿತು.

ಈ ‘ಗೋಡೆಯ ಬಗೆ’ ಅನ್ನುವ ಲೆಕ್ಕ ತೀರಾ ಹಳೆಯದಲ್ಲ. ಮೊದಮೊದಲ ಕ್ಯಾಡ್ ನಕ್ಷೆಗಳಲ್ಲಿ ಗೋಡೆ ಅಂದರೆ ಎರಡು ಗೆರೆ, ಅಷ್ಟೆ. ಗೆರೆಗಳ ಬದಲು ಕಟ್ಟಡದ ಭಾಗಗಳನ್ನೇ ದಾಖಲಿಸಬೇಕು ಅಂತ 1970ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಕೆಲಸ ಶುರುಮಾಡಿದರು. 2000ದಲ್ಲಿ ರೆವಿಟ್ ಬಂತು. ಇದರಲ್ಲಿ ಬಗೆಯನ್ನು ಒಂದು ಕಡೆ ತಿದ್ದಿದರೆ ಆ ಬಗೆಯ ಎಲ್ಲ ಗೋಡೆಗಳೂ ತಿದ್ದಿಕೊಳ್ಳುತ್ತವೆ. ಸಾಫ್ಟ್‌ವೇರ್‌ಗಳು ತಮ್ಮೊಳಗೆ ಮಾಹಿತಿ ಹಂಚಿಕೊಳ್ಳಲು ಐಎಫ್‌ಸಿ ಎಂಬ ಮಾದರಿ ಇದೆ, 2013ರಲ್ಲಿ ಅದು ಐಎಸ್‌ಒ 16739 ಆಯಿತು. ಅದರಲ್ಲಿ ಉದ್ದಕ್ಕೂ ಒಂದೇ ದಪ್ಪ ಇರುವ ಗೋಡೆಗೆ ‘ಸ್ಟ್ಯಾಂಡರ್ಡ್ ಕೇಸ್’ ಅಂತ ಹೆಸರು!

ಮಾರನೇ ದಿನ ದುರ್ಗದ ಕೋಟೆ ಹತ್ತಿದೆ. ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ, ಗೋಡೆ ನೋಡಲಿಕ್ಕೆಂದೇ ಹೋಗಿದ್ದು ಇದೇ ಮೊದಲು. ನಾಯಕರು ಕಟ್ಟಿದ್ದು, 1779ರಲ್ಲಿ ಹೈದರಾಲಿ ಗೆದ್ದ ಮೇಲೆ ಅವನೂ ಟಿಪ್ಪುವೂ ಸೇರಿಸಿದ್ದು, ಎಲ್ಲ ಒಂದಕ್ಕೊಂದು ಅಂಟಿಕೊಂಡಿದೆ. ಗಾರೆಯಿಲ್ಲದೆ ಕೂರಿಸಿದ ದೊಡ್ಡ ಕಲ್ಲುಗಳ ಗೋಡೆ ನಾಲ್ಕು ಹೆಜ್ಜೆ ಹೋಗಿ ಬಂಡೆಯಲ್ಲಿ ಸೇರಿಹೋಗುತ್ತದೆ, ಬಂಡೆಯ ಆಚೆ ಮತ್ತೆ ಹೊರಡುತ್ತದೆ. ನಡುವಿನ ಬಂಡೆ ಗೋಡೆಯೋ ಅಲ್ಲವೋ? ಕಟ್ಟಿದವರ ಪ್ರಕಾರ ಹೌದು, ನನ್ನ ಪಟ್ಟಿಯ ಪ್ರಕಾರ ಅಲ್ಲ.

ತಮಾಷೆ ಅಂದರೆ ಈ ಕೋಟೆಯ ಬಾಗಿಲುಗಳಿಗೆ ಲೆಕ್ಕವಿದೆ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳದಾರಿ ಅಂತ ದುರ್ಗದವರು ಹೇಳುತ್ತಾರೆ. ಗೋಡೆಗೆ ಮಾತ್ರ ‘ಏಳು ಸುತ್ತು’, ಮುಗಿಯಿತು. ಬಾಗಿಲಿಗೆ ಕಾವಲು ಹಾಕಬೇಕು, ಹಾಗಾಗಿ ಎಣಿಸಲೇಬೇಕು. ನಮ್ಮ ಸಾಫ್ಟ್‌ವೇರಿನಲ್ಲೂ ಬಾಗಿಲ ಪಟ್ಟಿ ಸುಲಭ, ಗೋಡೆಯದೇ ತಲೆನೋವು. ಇನ್ನು ಓಬವ್ವನ ಕಿಂಡಿ! ಸಾಫ್ಟ್‌ವೇರಿಗೆ ಕಿಂಡಿ ಅಂದರೆ ಯಾವುದಾದರೂ ಗೋಡೆಯಲ್ಲಿ ಕೊರೆದದ್ದು. ಇದು ಬಂಡೆಗಳ ನಡುವಿನ ಸಂದು. ಹೈದರನ ಸೈನಿಕರು ನುಸುಳಿದರು, ಆಕೆ ಒನಕೆ ಎತ್ತಿದಳು ಅನ್ನುವ ಆ ಜಾಗ ನನ್ನ ಯಾವ ಕಾಲಂನಲ್ಲೂ ಕೂರುವುದಿಲ್ಲ.

ಮೇಲೆ ಟಂಕಸಾಲೆ ಅಂತ ತೋರಿಸುವ ಕಡೆ ಎತ್ತರದ ಮಣ್ಣಿನ ಗೋಡೆಗಳು ಚಾವಣಿಯಿಲ್ಲದೆ ನಿಂತಿವೆ. ಅಜ್ಜನ ಮನೆಯ ಗೋಡೆಯ ಹಿರಿಯಣ್ಣಂದಿರು. ಅಲ್ಲೇ ಬಹಳ ಹೊತ್ತು ಕೂತಿದ್ದೆ.

ಸಾಫ್ಟ್‌ವೇರನ್ನು ಪೂರ್ತಿ ಬೈಯುವುದೂ ತಪ್ಪು, ನಿಧಾನಕ್ಕೆ ಕಲಿಯುತ್ತಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಮುಗಿದದ್ದು. ಅಂಥ ಕಲ್ಲಿನ ಕಟ್ಟೆ ಬುಡದಲ್ಲಿ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ. ಹಾಗೆ ಸಣ್ಣಗಾಗುತ್ತಾ ಹೋಗುವ ಗೋಡೆ ರೆವಿಟ್‌ನಲ್ಲಿ ಬಂದದ್ದು 2022ರ ಆವೃತ್ತಿಗೆ. 1933ರ ನಂತರ ಮೊದಲ ಸಲ ಮಾರಿಕಣಿವೆ ಕೋಡಿ ಬಿದ್ದದ್ದೂ 2022ರಲ್ಲೇ :)

ಸಂಜೆ ಊರಿಗೆ ಹಿಂತಿರುಗಿ ಚಿಕ್ಕಪ್ಪನನ್ನು ಪಕ್ಕ ಕೂರಿಸಿಕೊಂಡೆ. ಕೆರೆಮಣ್ಣು, ಹುಲ್ಲು ಹಾಕಿ ತುಳಿದದ್ದು, ಒಂದು ವರಸೆ ಒಣಗಿದ ಮೇಲೆ ಇನ್ನೊಂದು, ಕೆಳಗೆ ಮೊಣಕಾಲುದ್ದ ಕಲ್ಲು... ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಬಗೆಯ ಹೆಸರು ಏನಿಡಲಿ ಅಂದೆ.

“ಮಣ್ಣಿನ ಗೋಡೆ ಅಂತ ಬರಿಯಪ್ಪ, ಇನ್ನೇನು” ಅಂದರು.