ಹುಷಾರಾಗಿದ್ದೀರಾ?

ಬೀಳ್ಕೊಡುವುದಕ್ಕೂ, ಹೆದರಿಸುವುದಕ್ಕೂ, ಹೊಗಳುವುದಕ್ಕೂ, ರಜೆ ಕೇಳುವುದಕ್ಕೂ ನಮಗೆ ಒಂದೇ ಮಾತು ಸಾಕು. ಬಸ್ಸು ಹತ್ತುವ ಮಗನಿಗೆ ತಾಯಿ ‘ಹುಷಾರಪ್ಪ’ ಅನ್ನುತ್ತಾಳೆ. ಗದ್ದೆ ಬದುವಿನ ಜಗಳದಲ್ಲಿ ಅದೇ ಮಾತು ‘ಹುಷಾರ್!’ ಆಗಿ ತೋರುಬೆರಳಿನ ತುದಿಗೆ ಬಂದು ನಿಲ್ಲುತ್ತದೆ. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೆದವಳು ‘ಹುಷಾರು ಹುಡುಗಿ’. ಮಾರನೆಯ ದಿನ ಅವಳೇ ಶಾಲೆಗೆ ಬರದಿದ್ದರೆ, ‘ಅವಳಿಗೆ ಹುಷಾರಿಲ್ವಂತೆ ಮಿಸ್’.

ಮಾತು ಬಂದದ್ದು ಪರ್ಶಿಯನ್ನಿನಿಂದ. 1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಆಮೇಲೆ ವಿಜಯಪುರದ ಆದಿಲ್‌ಶಾಹಿಗಳು, ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪು. ದರ್ಬಾರಿನ ಆ ಭಾಷೆಯಿಂದ ಅರ್ಜಿ, ಜಮೀನು, ದವಾಖಾನೆಗಳು ಕನ್ನಡಕ್ಕೆ ಇಳಿದ ಹಾಗೆ ಇದೂ ಇಳಿದಿದೆ. ಮೂಲದಲ್ಲಿ ‘ಹೋಶ್’ ಎಂದರೆ ಪ್ರಜ್ಞೆ. ಹಿಂದಿ ಸಿನಿಮಾ ನೋಡಿದವರಿಗೆ ‘ಬೇಹೋಶ್’ ಗೊತ್ತೇ ಇರುತ್ತದೆ. ಹೋಶ್ ಇದ್ದವನು ಹೋಶಿಯಾರ್, ಎಂದರೆ ಎಚ್ಚರವುಳ್ಳವನು.

ನೆರೆಹೊರೆಯವರೂ ಇದನ್ನು ಇಟ್ಟುಕೊಂಡಿದ್ದಾರೆ, ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ. ತಮಿಳರ ‘ಉಷಾರ್’ ಬರೀ ಎಚ್ಚರಿಕೆ. ತೆಲುಗಿನ ‘ಹುಷಾರು’ ಹುರುಪು, ಉತ್ಸಾಹ. ಮರಾಠಿಯ ‘ಹುಶಾರ್’ ಜಾಣ. ಆದರೆ ಜ್ವರ ಬಂದಾಗ ತಮಿಳರು ‘ಉಡಂಬು ಸರಿಯಿಲ್ಲೈ’ ಅನ್ನುತ್ತಾರೆ, ತೆಲುಗರು ‘ಒಂಟ್ಲೋ ಬಾಲೇದು’, ಮರಾಠಿಗರು ‘ಬರಂ ನಾಹಿ’. ನಮ್ಮಲ್ಲೂ ಧಾರವಾಡದ ಕಡೆ ಹೋದರೆ ‘ಆರಾಮಿಲ್ರಿ’, ಮಂಗಳೂರಿನ ಕಡೆ ‘ಸೌಖ್ಯ ಇಲ್ಲ’. ಬೆಂಗಳೂರು, ಮೈಸೂರು, ಮಂಡ್ಯದ ಜನ ಮಾತ್ರ ಮೈ ಬಿಸಿಯಾದ ಕೂಡಲೇ ‘ಹುಷಾರಿಲ್ಲ’ ಅನ್ನುತ್ತೇವೆ. ಅಕ್ಷರಕ್ಕೆ ಅಕ್ಷರ ಅರ್ಥ ಮಾಡಿದರೆ, ‘ನನಗೆ ಎಚ್ಚರವಿಲ್ಲ’. ಎಚ್ಚರವನ್ನೂ ಆರೋಗ್ಯವನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದೇವೆ.

ಈಗ ಪುಸ್ತಕದಂಗಡಿಗಳಲ್ಲಿ, ಕಂಪನಿಗಳ ಶಿಬಿರಗಳಲ್ಲಿ ಓಡಾಡುತ್ತಿರುವ ‘ಮೈಂಡ್‌ಫುಲ್‌ನೆಸ್’ ಕೂಡ ಈ ಡಬ್ಬಿಯನ್ನೇ ಹುಡುಕುತ್ತಿದೆ ಅನ್ನಿಸುತ್ತದೆ. ಸಿಲೋನಿನಲ್ಲಿ ಅಧಿಕಾರಿಯಾಗಿದ್ದು ಪಾಳಿ ಕಲಿತ ರೀಸ್ ಡೇವಿಡ್ಸ್, ಬೌದ್ಧರ ‘ಸತಿ’ಗೆ 1881ರಲ್ಲಿ ಈ ಇಂಗ್ಲಿಷ್ ಪದ ಕೊಟ್ಟ. ಸತಿ ಎಂದರೆ ಸಂಸ್ಕೃತದ ಸ್ಮೃತಿ. ನೆನಪು ಎಂದೂ ಹೌದು, ಗಮನ ಎಂದೂ ಹೌದು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಇದನ್ನು ದವಾಖಾನೆಯ ಒಳಕ್ಕೆ ತಂದರು. ವರ್ಷಗಟ್ಟಲೆ ನೋವು ತಿಂದವರಿಗೆ ಕೆಲವು ವಾರಗಳ ಪಾಠ. ಅದರಲ್ಲಿ ಒಂದು ಅಭ್ಯಾಸ ಹೀಗಿದೆ: ಅಂಗಾತ ಮಲಗಿ, ಕಾಲಿನ ಹೆಬ್ಬೆರಳಿನಿಂದ ನೆತ್ತಿಯ ತನಕ ಒಂದೊಂದೇ ಅಂಗದ ಮೇಲೆ ಗಮನ ಹರಿಸುತ್ತ ಹೋಗುವುದು. ನಮ್ಮ ಅಜ್ಜಿ ಇದನ್ನು ಬೈಗುಳದಲ್ಲೇ ಕಲಿಸುತ್ತಿದ್ದಳು. ಲೋಟ ಎಡವಿದರೆ ಸಾಕು, ‘ಮೈಮೇಲೆ ಗ್ಯಾನ ಇಲ್ವೇನೇ?’ ಗಮನ ತಪ್ಪುವುದಕ್ಕೆ ಕನ್ನಡದಲ್ಲಿ ‘ಮೈಮರೆಯುವುದು’ ಅನ್ನುತ್ತೇವಲ್ಲ, ತಪ್ಪಿದ್ದು ಮನಸ್ಸು, ಮರೆತದ್ದು ಮಾತ್ರ ಮೈಯನ್ನು.

ಕಷ್ಟಕಾಲದಲ್ಲಿ ಎಚ್ಚರ, ಆರೋಗ್ಯ ಎಂಬ ಈ ಎರಡು ಅರ್ಥಗಳಿಗೆ ಜಗಳ ಹತ್ತುತ್ತದೆ. ಕೊರೊನಾ ಕಾಲದ 2020ರ ಮಾರ್ಚ್ ನೆನಪಿಸಿಕೊಳ್ಳಿ. ಆಗ ಯಾವ ಫೋನೂ ‘ಹುಷಾರು’ ಅನ್ನದೆ ಮುಗಿಯುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಸೋಪಿನಲ್ಲಿ ತೊಳೆದೆವು, ಸೊಪ್ಪನ್ನು ಉಪ್ಪುನೀರಿನಲ್ಲಿ ಮುಳುಗಿಸಿದೆವು, ಬಾಗಿಲ ಚಿಲಕ ಒರೆಸಿದೆವು. ರಾತ್ರಿ ಮಲಗಿದ ಮೇಲೂ ಕಿವಿ ಪಕ್ಕದ ಕೋಣೆಯ ಕೆಮ್ಮಿನ ಮೇಲೇ ಇತ್ತು. ಅಷ್ಟು ಹುಷಾರಾಗಿದ್ದೂ ಅಷ್ಟು ಹುಷಾರಿಲ್ಲದ ಕಾಲ ನನ್ನ ನೆನಪಿನಲ್ಲಿ ಇನ್ನೊಂದಿಲ್ಲ.

ಈ ಜಗಳ ನನಗೆ ಸರಿಯಾಗಿ ಅರ್ಥವಾದದ್ದು ಮಾತ್ರ ಆಮೇಲೆ, ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ. ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ. ಮಂಚದ ಪಕ್ಕ ಒಂದು ಕಬ್ಬಿಣದ ಸ್ಟೂಲು, ಅದರ ಮೇಲೆ ನಾನು. ಗ್ಲುಕೋಸ್ ಬಾಟಲಿಯ ಹನಿ ಎಣಿಸುತ್ತಿದ್ದೆ. ಮಾತ್ರೆಗಳ ಹೊತ್ತನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಬಂದವರೆಲ್ಲ ‘ಅಮ್ಮನ್ನ ಹುಷಾರಾಗಿ ನೋಡ್ಕೊಳ್ಳಮ್ಮ’ ಅಂದರು, ಕಿತ್ತಳೆಹಣ್ಣು ಇಟ್ಟರು, ಹೋದರು. ಏಳನೆಯದೋ ಎಂಟನೆಯದೋ ರಾತ್ರಿ, ಪಕ್ಕದ ಮಂಚದಲ್ಲಿ ಗಂಡನನ್ನು ನೋಡಿಕೊಳ್ಳುತ್ತಿದ್ದ ಮಂಡ್ಯದ ಕಡೆಯ ಹೆಂಗಸು ನನ್ನ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು.

“ನಿಮ್ಮವ್ವ ಹುಷಾರಾಯ್ತಾರೆ ಬುಡವ್ವ. ನೀನು ಹುಷಾರಾಗಿದ್ದೀಯಾ?”

ನನಗೆ ಉತ್ತರ ಹೊಳೆಯಲಿಲ್ಲ. ನೋಡಿಕೊಂಡರೆ ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಕಚ್ಚಿತ್ತು. ಬೆಳಿಗ್ಗೆಯಿಂದ ಏನು ತಿಂದಿದ್ದೆ ಅನ್ನುವುದು ನೆನಪಿರಲಿಲ್ಲ. ಅಮ್ಮನ ಜ್ವರ 99.4 ಎಂದು ಗೊತ್ತಿದ್ದವಳಿಗೆ ತನ್ನ ಹಸಿವು ಗೊತ್ತಿರಲಿಲ್ಲ.

“ಹೋಗು, ಮಕಕ್ಕೆ ನೀರಾಕ್ಕಂಡು ಎಲ್ಡು ಇಡ್ಲಿ ತಿಂದ್ಕಂಡು ಬಾ. ನಾನು ನೋಡ್ಕತೀನಿ.” ಅಷ್ಟು ಹೇಳಿ ಅವರು ನನ್ನ ಸ್ಟೂಲಿನ ಮೇಲೆ ಕೂತೇಬಿಟ್ಟರು.

ಕ್ಯಾಂಟೀನಿನಲ್ಲಿ ಇಡ್ಲಿ ಮುರಿದಾಗ ಹಬೆ ಬೆರಳಿಗೆ ಚುರಕ್ ಎಂದಿತು. ಆ ಬಿಸಿ, ಚಟ್ನಿಯ ಖಾರ, ಎದುರು ಗೋಡೆಯ ಮೇಲೆ ಪರೀಕ್ಷೆ ಪಾಸಾದವಳ ಹಾಗೆ ನಗುವ ಕ್ಯಾಲೆಂಡರಿನ ಲಕ್ಷ್ಮಿ. ಇಪ್ಪತ್ತು ನಿಮಿಷ ಆಗಿರಬಹುದು. ಹಿಂದಿರುಗಿ ಬಂದಾಗ ಬಾಟಲಿಯ ಹನಿ ಮೊದಲಿನ ಹಾಗೇ ಇಳಿಯುತ್ತಿತ್ತು. ನಾನು ಎಣಿಸದಿದ್ದರೂ ಇಳಿಯುತ್ತಿತ್ತು.

ಕನ್ನಡ ವ್ಯಾಕರಣಕ್ಕೆ ಇದು ಮೊದಲೇ ಗೊತ್ತಿತ್ತೋ ಏನೋ. ‘ನಾನು ಹುಷಾರು’ ಅಂದರೆ ಜಂಬ. ‘ನನಗೆ ಹುಷಾರಿಲ್ಲ’ ಅಂದರೆ ಕಾಯಿಲೆ. ನೆಗಡಿಯ ಹಾಗೆ, ಹಸಿವಿನ ಹಾಗೆ, ಅದು ‘ನನಗೆ’ ಬರುವಂಥದ್ದು, ಹೋಗುವಂಥದ್ದು. ಇನ್ನು ‘ಹುಷಾರು’ ಎಂಬ ಎಚ್ಚರಿಕೆಯ ಮಾತನ್ನು ಯಾರೂ ತಮಗೆ ತಾವೇ ಹೇಳಿಕೊಳ್ಳುವುದಿಲ್ಲ. ಅದಕ್ಕೆ ಹೇಳುವವರೊಬ್ಬರು, ಕೇಳುವವರೊಬ್ಬರು ಬೇಕು. ‘ನಿಮ್ಮ ಆರೈಕೆ ನೀವೇ ಮಾಡಿಕೊಳ್ಳಿ’ ಎಂಬ ಉಪದೇಶ ನನಗೆ ಒಗ್ಗದಿರುವುದು ಇದೇ ಕಾರಣಕ್ಕೆ. ಸ್ಟೂಲು ಬಿಟ್ಟು ಏಳಲಾಗದವರಿಗೆ ಅದು ಮತ್ತೊಂದು ಮಾತ್ರೆ, ಅಂಗೈ ಮೇಲೆ ಬರೆದುಕೊಳ್ಳಬೇಕಾದ ಇನ್ನೊಂದು ಹೊತ್ತು.

ನಮ್ಮ ‘ಹುಷಾರಿ’ಗೆ ಒಂದು ಕೊರತೆಯೂ ಇದೆ. ಜ್ವರಕ್ಕೆ, ಭೇದಿಗೆ, ತಲೆನೋವಿಗೆ ಹುಷಾರಿಲ್ಲ ಅನ್ನುತ್ತೇವೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಉಂಡದ್ದು ರುಚಿಸದಿದ್ದರೆ, ಯಾರ ಜೊತೆಗೂ ಮಾತು ಬೇಡವೆನಿಸಿದರೆ ಸುಮ್ಮನಿರುತ್ತೇವೆ. ಅದಕ್ಕೂ ಇದೇ ಮಾತು ಸಲ್ಲಬೇಕು. ಕೇಳುವವರು ಹತ್ತಿರ ಯಾರೂ ಇಲ್ಲದಿದ್ದರೆ ಫೋನಿನಲ್ಲಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಈ ಟೆಲಿ-ಮಾನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮುಂದಿನ ಸಲ ಕಿತ್ತಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋದಾಗ, ಮಂಚದ ಮೇಲಿದ್ದವರನ್ನು ಮಾತಾಡಿಸಿದ ಮೇಲೆ ಸ್ಟೂಲಿನ ಮೇಲೆ ಕೂತವರನ್ನೂ ಒಂದು ಮಾತು ಕೇಳಿ, ‘ನೀವು ಹುಷಾರಾಗಿದ್ದೀರಾ?’ ಎಂದು. ಕೇಳಿ ಹೊರಟುಬಿಡಬೇಡಿ. ಅವರು ಉಂಡು ಬರುವ ತನಕ ಆ ಸ್ಟೂಲಿನ ಮೇಲೆ ನೀವು ಕೂತಿರಿ.