ಅಜ್ಜಂಪುರದ ಫಾರಂ

ಅಮರಕೋಶದ ನಾನಾರ್ಥವರ್ಗಕ್ಕೆ ಪರಿಶಿಷ್ಟವನ್ನು ಬರೆಯುವವರಿದ್ದರೆ ‘ಫಾರಂ’ ಶಬ್ದದಿಂದ ಮೊದಲುಮಾಡಬಹುದು. ಹಿಂದೆ ತರೀಕೆರೆಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಕಚೇರಿಯಲ್ಲಿ ತುಂಬಿಕೊಡುವ ಕಾಗದವೂ ಫಾರಂ, ರೈಲಿನ ಪಕ್ಕದ ಕಟ್ಟೆಯೂ ಪ್ಲಾಟ್‌ಫಾರಂ, 1929ರಲ್ಲಿ ಅಮೃತಮಹಲ್ ದನಗಳಿಗಾಗಿ ಏರ್ಪಟ್ಟ ಕ್ಷೇತ್ರವೂ ಫಾರಂ. ಮೊದಲಿನೆರಡು, ಆಕಾರವೆಂಬರ್ಥದ ಲ್ಯಾಟಿನ್ ‘ಫೋರ್ಮ’ದಿಂದ ಬಂದ ಒಡಹುಟ್ಟುಗಳು. ಮೂರನೆಯದಕ್ಕೆ ಮೂಲ ‘ಫಿರ್ಮ’. ಇಂಗ್ಲಿಷಿನಲ್ಲಿ ಅದು ಮೊದಲು ಗೊತ್ತುಮಾಡಿದ ಗುತ್ತಿಗೆಯ ಹಣಕ್ಕೂ, ಅನಂತರ ಗುತ್ತಿಗೆಯ ಭೂಮಿಗೂ, ಕಡೆಗೆ ಸಾಗುವಳಿಯ ಭೂಮಿಗೆಲ್ಲ ಹೆಸರಾಯಿತು. ಕನ್ನಡದ ಕಿವಿ ಈ ಭೇದವನ್ನೆಣಿಸಲಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ.

ತೊಡಕಿರುವುದು ಬಳಕೆಯ ಹಳೆಯ ಪದಗಳಲ್ಲಿ. ತೋಟವೆಂದರೆ ಕಡೂರಿನವರಿಗೆ ತೆಂಗು, ತರೀಕೆರೆಯವರಿಗೆ ಅಡಕೆ, ಬಾಬಾಬುಡನ್ ಗಿರಿಯ ಕಡೆಯವರಿಗೆ ಕಾಫಿ. ‘ಅಮೃತಮಹಲ್’ ಎಂಬುದನ್ನು ಕೇಳಿದ ಪರಸ್ಥಳದವರು ಅರಮನೆಯೊಂದನ್ನು ಊಹಿಸುವುದುಂಟು. ಇಲ್ಲಿ ಮಹಲ್ ಎಂದರೆ ಇಲಾಖೆ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನನು ಇಟ್ಟ ಹೆಸರದು. ಫಿರಂಗಿಗಳನ್ನೆಳೆಯುವ ಎತ್ತುಗಳು ಈ ಹಿಂಡುಗಳಿಂದಲೇ ಸೈನ್ಯಕ್ಕೆ ಒದಗಬೇಕಾಗಿತ್ತು. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಹಿಂಡುಗಳನ್ನು ಮಾರಿ ಇಲಾಖೆಯನ್ನೇ ಮುಚ್ಚಿದರು. ಅದರ ಬೆಲೆ ತಿಳಿದು 1866ರಲ್ಲಿ ಮರಳಿ ತೆರೆದರು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂದಿತು.

ಈ ದನಗಳು ಮೇಯುತ್ತಿದ್ದ ಹುಲ್ಲುಗಾವಲಿಗೆ ಕಡೂರು, ತರೀಕೆರೆ, ಅಜ್ಜಂಪುರದ ಜನರು ‘ಕಾವಲು’ ಎನ್ನುವರು. ಅನ್ಯಪ್ರಾಂತದವರಿಗೆ ಕಾವಲೆಂದರೆ ಪಹರೆ. ಈ ಸೀಮೆಯಲ್ಲಿ ಕಾಯುವ ಕ್ರಿಯೆಯ ಹೆಸರು ಕಾಯಲ್ಪಟ್ಟ ನೆಲಕ್ಕೇ ನಿಂತಿದೆ. ಹುಲ್ಲು ನೀರುಗಳ ಅನುಕೂಲವನ್ನು ನೋಡಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಹಿಂಡುಗಳನ್ನು ಒಂದರಿಂದೊಂದಕ್ಕೆ ನಡೆಸುತ್ತಿದ್ದರು. ಆದಕಾರಣ ಪ್ರತಿಯೊಂದು ಕಾವಲೂ ವರ್ಷದ ಬಹುಭಾಗ ಬರಿದಾಗಿ ತೋರುತ್ತಿತ್ತು. ಈ ಕ್ರಮವನ್ನರಿಯದವನು ಅದನ್ನು ‘ಬೀಳು’ ಎಂದು ಬರೆದುಕೊಂಡರೆ ಆಶ್ಚರ್ಯವೇನು? ಬೀಳೆಂದ ಮೇಲೆ ಅದನ್ನು ಬೇರೊಂದು ಉಪಯೋಗಕ್ಕೆ ಬಿಡುವುದು ಸುಲಭ. 20ನೆಯ ಶತಮಾನದಲ್ಲಿ ಅನೇಕ ಕಾವಲುಗಳು ತುಂಡುತುಂಡಾಗಿ ಸಾಗುವಳಿಗೂ ಇತರ ಕಾರ್ಯಗಳಿಗೂ ಸಂದುವು. ಅನ್ನವಿಲ್ಲದವರಿಗೆ ನೆಲ ಕೊಟ್ಟುದನ್ನು ತಪ್ಪೆನ್ನಲಾಗದು. ಹುಲ್ಲು ಬೆಳೆಯುವ ನೆಲವನ್ನು ನಿಷ್ಫಲವೆಂದು ಬಗೆದುದು ಮಾತ್ರ ತಪ್ಪು. ಉತ್ತ ಮೇಲೆ ಆ ಹುಲ್ಲು ಮತ್ತೆ ಬರಲಿಲ್ಲ.

ಕಡೂರು ತಾಲ್ಲೂಕಿನ ಬಾಸೂರು ಕಾವಲು ಉಳಿದವುಗಳಲ್ಲೊಂದು. ಅಲ್ಲಿಯ ಕೃಷ್ಣಮೃಗಗಳ ರಕ್ಷಣೆಗಾಗಿ ಸರ್ಕಾರವು 2011ರಲ್ಲಿ ಅದನ್ನು ‘ಬಾಸೂರು ಅಮೃತಮಹಲ್ ಕಾವಲು ಸಂರಕ್ಷಣಾ ಮೀಸಲು’ ಎಂದು ಘೋಷಿಸಿತು. ಕಾವಲು, ಸಂರಕ್ಷಣೆ, ಮೀಸಲು—ಒಂದೇ ಅರ್ಥ ಮೂರಾವೃತ್ತಿ ಬಂದಿದೆ. ಆಲಂಕಾರಿಕರು ಇದನ್ನು ಪುನರುಕ್ತಿದೋಷವೆಂದಾರು. ಕೃಷ್ಣಮೃಗಗಳಿಗೆ ಅದರಿಂದ ಬಾಧೆಯಿಲ್ಲ.