ಧಾರವಾಡದ ಶ್ರೇಣಿ, ಕರಾವಳಿಯ ತರಗತಿ: ಸಂಯೋಜನಾ ವ್ಯವಸ್ಥೆಯಲ್ಲಿ ಗುಣಮಟ್ಟದ ಭರವಸೆ

ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ ಕಾಲೇಜು, ಭಟ್ಕಳದ ಅಂಜುಮನ್ ಕಾಲೇಜು: ಈ ಮೂರರಲ್ಲಿ ಯಾವುದರಲ್ಲಿ ಓದಿದರೂ ಪದವಿ ಪ್ರಮಾಣಪತ್ರದ ಮೇಲೆ ಬೀಳುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ. ಪಠ್ಯಕ್ರಮ ಅಲ್ಲಿಂದ ಬರುತ್ತದೆ, ಪ್ರಶ್ನೆಪತ್ರಿಕೆ ಅಲ್ಲಿಂದ ಬರುತ್ತದೆ, ಫಲಿತಾಂಶವೂ ಅಲ್ಲಿಂದಲೇ. ಆದರೆ ಅದೇ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ, ಅಂದರೆ ನ್ಯಾಕ್, ತೂಗಿ ನೋಡುವಾಗ ತಕ್ಕಡಿಯಲ್ಲಿ ಇರುವುದು ಮುಖ್ಯವಾಗಿ ಪಾವಟೆ ನಗರದ ಆವರಣದ ಸ್ನಾತಕೋತ್ತರ ವಿಭಾಗಗಳು. ಕರಾವಳಿಯ ಕಾಲೇಜುಗಳು ತಮ್ಮ ತಮ್ಮ ವರದಿ ಬರೆದು, ತಮ್ಮ ತಮ್ಮ ಶ್ರೇಣಿಯನ್ನು ಬೇರೆಯಾಗಿಯೇ ಪಡೆಯಬೇಕು. ಸಂಯೋಜಿತ ಕಾಲೇಜಿನ ಗುಣಮಟ್ಟ ವಿಶ್ವವಿದ್ಯಾಲಯದ ಗುಣಮಟ್ಟವೇ ಆಗಿರುವಾಗ ಮಾನ್ಯತೆಯ ವ್ಯವಸ್ಥೆ ಎರಡನ್ನೂ ಬಿಡಿಸಿಟ್ಟಿದೆ. ಆ ಬಿರುಕಿಗೆ ಹೆಚ್ಚಿನ ಬೆಲೆ ತೆರುತ್ತಿರುವುದು ಕರಾವಳಿ ಎಂಬುದು ಈ ಲೇಖನದ ವಾದ.

ಇದರ ಬೇರು ಇತಿಹಾಸದಲ್ಲಿದೆ. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಹುಡುಗರಿಗೆ ಉನ್ನತ ಶಿಕ್ಷಣವೆಂದರೆ ಮುಂಬಯಿ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಧಾರವಾಡ. 1949ರಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ ಈ ಜಿಲ್ಲೆಯನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಕಾಲಕ್ರಮದಲ್ಲಿ ಮೂರು ಊರುಗಳಲ್ಲೂ ಕಾಲೇಜುಗಳು ಎದ್ದವು. ಅವನ್ನು ಕಟ್ಟಿದ್ದು ಸರ್ಕಾರವಲ್ಲ, ಊರಿನ ಸಂಸ್ಥೆಗಳು. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಿಂದಲೇ ಶಿಕ್ಷಣದ ಕೆಲಸದಲ್ಲಿತ್ತು. ಗುಣಮಟ್ಟದ ಪ್ರಶ್ನೆ ಆಗ ಸಂಯೋಜನೆಯ ಪ್ರಶ್ನೆಯಾಗಿತ್ತು: ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ ಬರುತ್ತಿತ್ತು, ಕೊಠಡಿ, ಪ್ರಯೋಗಾಲಯ, ಗ್ರಂಥಾಲಯ, ಅಧ್ಯಾಪಕರ ಪಟ್ಟಿ ನೋಡಿ ಶಿಫಾರಸು ಬರೆಯುತ್ತಿತ್ತು. ಈ ಸಮಿತಿಯ ಪದ್ಧತಿ ಇಂದಿಗೂ ನಿಂತಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 1992ರ ಕಾರ್ಯಯೋಜನೆಯ ಫಲವಾಗಿ 1994ರಲ್ಲಿ ಬೆಂಗಳೂರಿನಲ್ಲಿ ನ್ಯಾಕ್ ಸ್ಥಾಪನೆಯಾಯಿತು. ಮೊದಲು ನಕ್ಷತ್ರಗಳ ಶ್ರೇಣಿ, ಆಮೇಲೆ ಒಂಬತ್ತು ಹಂತಗಳ ಅಕ್ಷರ ಶ್ರೇಣಿ, 2007ರಿಂದ ನಾಲ್ಕು ಅಂಕಗಳ ಸರಾಸರಿ. ಆರಂಭದಲ್ಲಿ ಇಷ್ಟವಿದ್ದವರು ಹೋಗಬಹುದಾಗಿತ್ತು. ಯುಜಿಸಿಯ 2012ರ ವಿನಿಯಮ ಮಾನ್ಯತೆಯನ್ನು ಕಡ್ಡಾಯದ ದಾರಿಗೆ ತಂದಿತು. 2013ರಲ್ಲಿ ಬಂದ ರೂಸಾ, ಅಂದರೆ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ, ಅನುದಾನವನ್ನೂ ಅದಕ್ಕೆ ಗಂಟು ಹಾಕಿತು. ಅಲ್ಲಿಂದ ಮುಂದೆ ತಾಲ್ಲೂಕು ಕೇಂದ್ರದ ಕಾಲೇಜಿಗೂ ಆಂತರಿಕ ಗುಣಮಟ್ಟ ಭರವಸಾ ಕೋಶ ಬಂತು, ವರ್ಷಕ್ಕೊಂದು ವರದಿ ಬಂತು, ಸ್ಟಾಫ್ ರೂಮಿನ ಮಾತಿನಲ್ಲಿ ‘ನ್ಯಾಕ್ ಕೆಲಸ’ ಎಂಬ ಹೊಸ ಕೆಲಸವೂ ಸೇರಿಕೊಂಡಿತು.

2017ರಲ್ಲಿ ಜಾರಿಗೆ ಬಂದ ಪರಿಷ್ಕೃತ ಚೌಕಟ್ಟಿನ ಅಂಕ ಹಂಚಿಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಾನು ಹೇಳುತ್ತಿರುವ ಬಿರುಕು ಅಲ್ಲಿ ಅಂಕಿಗಳಲ್ಲೇ ಕಾಣುತ್ತದೆ. ಒಟ್ಟು 1000 ಅಂಕ, ಏಳು ಮಾನದಂಡ. ಪಠ್ಯಕ್ರಮಕ್ಕೆ ವಿಶ್ವವಿದ್ಯಾಲಯಕ್ಕಾದರೆ 150, ಸಂಯೋಜಿತ ಕಾಲೇಜಿಗೆ 100. ಸಂಶೋಧನೆಗೆ ವಿಶ್ವವಿದ್ಯಾಲಯಕ್ಕೆ 250, ಬರೀ ಪದವಿ ತರಗತಿಗಳಿರುವ ಸಂಯೋಜಿತ ಕಾಲೇಜಿಗೆ 110. ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ ಬಂದಾಗ ಲೆಕ್ಕ ತಿರುಗುತ್ತದೆ: ವಿಶ್ವವಿದ್ಯಾಲಯಕ್ಕೆ 200, ಕಾಲೇಜಿಗೆ 350. ಕಾಲೇಜು ಇರುವುದೇ ಪಾಠ ಮಾಡಲು ಎಂಬ ನೆಲೆಯಲ್ಲಿ ಇದು ಸರಿಯಾದ ಹಂಚಿಕೆಯೇ. ಆದರೆ ಆ 350ರ ಒಳಗೆ ಅಂತಿಮ ವರ್ಷದ ಉತ್ತೀರ್ಣತೆಯ ಪ್ರಮಾಣವೂ ಇದೆ. ಪ್ರಶ್ನೆಪತ್ರಿಕೆ ತೆಗೆಯುವುದು, ಉತ್ತರಪತ್ರಿಕೆ ತಿದ್ದಿಸುವುದು, ಫಲಿತಾಂಶ ಕೊಡುವುದು ವಿಶ್ವವಿದ್ಯಾಲಯದ ಕೈಯಲ್ಲಿದೆ. ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಪೂರ್ಣಾವಧಿ ಅಧ್ಯಾಪಕರಿದ್ದಾರೆ ಎಂಬುದೂ ಇದೆ. ಹುದ್ದೆ ತುಂಬುವ ಅನುಮತಿ ಸರ್ಕಾರದ ಕೈಯಲ್ಲಿದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಅನುದಾನಿತ ಕಾಲೇಜುಗಳಲ್ಲಿ ನಿವೃತ್ತರ ಕುರ್ಚಿ ವರ್ಷಗಟ್ಟಲೆ ಖಾಲಿ ಉಳಿಯುವುದು ಹೊಸದಲ್ಲ. ಬೇರೆಯವರ ನಿರ್ಧಾರದ ಫಲವನ್ನು ಕಾಲೇಜು ತನ್ನ ಅಂಕವಾಗಿ ಉಣ್ಣುತ್ತದೆ. ಇದನ್ನು ನ್ಯಾಯವೆಂದು ನಾನು ಒಪ್ಪಲಾರೆ.

2021ರ ನಂತರದ ಬೆಳವಣಿಗೆ ಇದನ್ನು ಇನ್ನಷ್ಟು ಬಿಗಿಗೊಳಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪಠ್ಯಕ್ರಮ ಬಂತು, ಅದರ ಜೊತೆಗೇ ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವನ್ನೂ ನಡೆಸುವ ಯುಯುಸಿಎಂಎಸ್ ತಂತ್ರಾಂಶ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ಬದಲಾವಣೆಗಳ ನಡುವೆ ಅಂಕಪಟ್ಟಿ ಸಮಯಕ್ಕೆ ಸಿಗದೆ ಮುಂದಿನ ಪ್ರವೇಶಕ್ಕೆ ತೊಂದರೆಯಾಯಿತೆಂಬ ದೂರು ರಾಜ್ಯದ ಹಲವು ಕಡೆ ಕೇಳಿಬಂತು. ಧಾರವಾಡದ ವಿದ್ಯಾರ್ಥಿ ಸಿಟಿ ಬಸ್ ಹತ್ತಿ ಪರೀಕ್ಷಾ ವಿಭಾಗಕ್ಕೆ ಹೋಗಿ ಕೇಳಬಹುದು. ಭಟ್ಕಳದ ಹುಡುಗಿಗೆ ಅದೇ ವಿಚಾರಣೆ ಘಟ್ಟ ಹತ್ತಿ ಇಡೀ ದಿನದ ಪ್ರಯಾಣ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಇನ್ನು ಭಟ್ಕಳ ದಾಟಿ ದಕ್ಷಿಣಕ್ಕೆ ಶಿರೂರಿಗೆ ಕಾಲಿಟ್ಟರೆ ಉಡುಪಿ ಜಿಲ್ಲೆ. ಅಲ್ಲಿನ ಕಾಲೇಜುಗಳು 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದವು. ಅದೇ ಕಡಲು, ಅದೇ ಹೆದ್ದಾರಿ. ಆದರೂ ಎರಡೂ ಬದಿಯ ತರಗತಿಗಳನ್ನು ಒಟ್ಟಿಗಿಟ್ಟು ಹೋಲಿಸುವ ಏರ್ಪಾಡು ಮಾನ್ಯತೆಯ ಚೌಕಟ್ಟಿನಲ್ಲಿ ಎಲ್ಲಿಯೂ ಇಲ್ಲ.

2017ರ ಚೌಕಟ್ಟಿನಲ್ಲಿ ಸುಮಾರು ಶೇ. 70ರಷ್ಟು ಅಂಕ ದತ್ತಾಂಶದ ಮೇಲೆ ನಿಂತಿದೆ. ತಜ್ಞರ ತಂಡ ಊರಿಗೆ ಬರುವ ಮೊದಲೇ ಆ ಅಂಕಿಗಳ ಪರಿಶೀಲನೆ ಮುಗಿದಿರುತ್ತದೆ. ಹೀಗಾಗಿ ಎಲ್ಲದಕ್ಕೂ ದಾಖಲೆ ಬೇಕು. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನು ಅಘನಾಶಿನಿಯ ಅಳಿವೆಗೆ ಕರೆದೊಯ್ದರೆನ್ನಿ. ಇಳಿತದ ಹೊತ್ತಿನಲ್ಲಿ ಹೆಂಗಸರು ಕೆಸರಿನಲ್ಲಿ ಕೂತು ಬೆಳಚು ಆಯುವುದನ್ನು ಮಕ್ಕಳು ನೋಡುತ್ತಾರೆ, ಯಾವ ಜಾತಿ ಎಲ್ಲಿ ಸಿಗುತ್ತದೆಂದು ಅವರಿಂದಲೇ ಕೇಳಿ ಬರೆದುಕೊಳ್ಳುತ್ತಾರೆ. ಆ ಹೊತ್ತಿಗೆ ಒಬ್ಬ ಅಧ್ಯಾಪಕರು ಮೊಬೈಲ್ ಹಿಡಿದು, ಚಿತ್ರದ ಕೆಳಗೆ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಬೀಳುವಂತೆ ಫೋಟೊ ತೆಗೆಯಬೇಕು. ಆಮೇಲೆ ಸುತ್ತೋಲೆ, ಹಾಜರಿ ಸಹಿ, ಒಂದು ಪುಟದ ವರದಿ, ಪ್ರಾಚಾರ್ಯರ ಮೊಹರು. ದಾಖಲೆ ಇಡುವುದು ತಪ್ಪಲ್ಲ; ಅಳಿಸಿಹೋಗುತ್ತಿದ್ದ ಎಷ್ಟೋ ಒಳ್ಳೆಯ ಕೆಲಸ ಇದರಿಂದ ಉಳಿದಿದೆ. ಕೊರತೆ ಇರುವುದು ಬೇರೆ ಕಡೆ: ಮಕ್ಕಳು ಬರೆದುಕೊಂಡ ಟಿಪ್ಪಣಿಯಲ್ಲಿ ಏನಿತ್ತು ಎಂದು ಯಾವ ಕಾಲಂ ಕೂಡ ಕೇಳುವುದಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕುಮಟಾದ ತರಗತಿಯಿಂದ ಇಂಥದೊಂದು ಜೌಗು ಪ್ರದೇಶ ಇಷ್ಟು ಹತ್ತಿರವಿರುವುದು ಎಷ್ಟು ಕಾಲೇಜುಗಳ ಭಾಗ್ಯ? ಗಜನಿ ಭೂಮಿಯ ಉಪ್ಪುನೀರು ತಡೆಯುವ ಕಗ್ಗ ಭತ್ತ, ಹೊನ್ನಾವರದ ಬಡಗುತಿಟ್ಟಿನ ಯಕ್ಷಗಾನ, ಭಟ್ಕಳದ ನವಾಯತಿ ಮಾತು ಮತ್ತು ಜೈನ ಬಸದಿಗಳು ಹಾಗೆಯೇ. ಏಳನೆಯ ಮಾನದಂಡದಲ್ಲಿ ಸಂಸ್ಥೆಯ ವೈಶಿಷ್ಟ್ಯ ಹೇಳಲು ಜಾಗವಿದೆ. ಅಲ್ಲಿ ಇವನ್ನು ಬರೆಯಬಹುದು. ಆದರೆ ಪಠ್ಯಕ್ರಮದಲ್ಲಿ ಜಾಗವಿಲ್ಲದಿದ್ದರೆ ಅದು ವರದಿಯ ಅಲಂಕಾರವಾಗಿಯೇ ಉಳಿಯುತ್ತದೆ, ಪಠ್ಯಕ್ರಮ ತಿದ್ದುವ ಅಧಿಕಾರವೋ ಧಾರವಾಡದ ಅಧ್ಯಯನ ಮಂಡಳಿಯದು.

ವಿದ್ಯಾರ್ಥಿಗಳ ಮುಂದಿನ ದಾರಿಯನ್ನು ಅಳೆಯುವಲ್ಲೂ ಇದೇ ತೊಡಕು. ಉದ್ಯೋಗ ಸಿಕ್ಕಿದ್ದಕ್ಕೆ ನೇಮಕಾತಿ ಪತ್ರ ಬೇಕು. ಭಟ್ಕಳದಲ್ಲಿ ಪದವಿ ಮುಗಿಸಿ ಕೊಲ್ಲಿಯಲ್ಲಿರುವ ಬಂಧುಗಳ ವ್ಯಾಪಾರಕ್ಕೆ ಸೇರುವವರು, ಹೊನ್ನಾವರದಲ್ಲಿ ಮನೆಯ ದೋಣಿಯ ಲೆಕ್ಕಪತ್ರ ಹಿಡಿಯುವವರು ಎಲ್ಲಿಂದ ತರಬೇಕು ಆ ಪತ್ರವನ್ನು? ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಗಳು ಪದವಿ ಮುಗಿಸಿ ತಂಗಿಯನ್ನೂ ಸೇರಿಸಿದಳೆಂಬುದು ನನ್ನ ದೃಷ್ಟಿಯಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ಅತಿ ದೊಡ್ಡ ಫಲಿತಾಂಶ. ಅದಕ್ಕೆ ಅಂಕವಿಲ್ಲ.

ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸಿನಂತೆ 2024ರಲ್ಲಿ ನ್ಯಾಕ್ ಶ್ರೇಣಿಗಳನ್ನು ಬಿಟ್ಟು ‘ಮಾನ್ಯತೆ ಇದೆ, ಇಲ್ಲ’ ಎಂಬ ಎರಡೇ ಉತ್ತರಗಳ ಪದ್ಧತಿಗೆ, ಅದರಾಚೆಗೆ ಐದು ಹಂತಗಳ ಪ್ರೌಢಿಮೆಯ ಅಳತೆಗೆ ಹೋಗುವುದಾಗಿ ಪ್ರಕಟಿಸಿತು. ಸಣ್ಣ ಕಾಲೇಜುಗಳಿಗೆ ಇದರಿಂದ ಶ್ರೇಣಿಯ ಭಯ ಕಡಿಮೆಯಾಗಬಹುದು. ಆದರೆ ವಿಶ್ವವಿದ್ಯಾಲಯ ಮತ್ತು ಕಾಲೇಜಿನ ನಡುವಿನ ಹೊಣೆಯ ಹಂಚಿಕೆ ಇದರಿಂದ ತಾನಾಗಿ ಸರಿಹೋಗದು. ಅದಕ್ಕೆ ಹಾದಿ ವಿಶ್ವವಿದ್ಯಾಲಯದ ಒಳಗೇ ಇದೆ. ಹಿಂದೆ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಿಂದ ಹೊರಬಂದು ಗುಲ್ಬರ್ಗಾ 1980ರಲ್ಲಿ, ಬೆಳಗಾವಿ 2010ರಲ್ಲಿ ಬೇರೆ ವಿಶ್ವವಿದ್ಯಾಲಯಗಳಾದವು, ಇತ್ತೀಚೆಗೆ ಹಾವೇರಿಯೂ. ವ್ಯಾಪ್ತಿ ಕಿರಿದಾಗುತ್ತ ಬಂದಂತೆ ಉತ್ತರ ಕನ್ನಡದ ಪಾಲು ಅದರೊಳಗೆ ಹಿರಿದಾಗಿದೆ. ಕಾರವಾರದಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಕರಾವಳಿ ತಾಲ್ಲೂಕುಗಳ ಕಾಲೇಜುಗಳ ಗುಣಮಟ್ಟ ಕೋಶಗಳನ್ನು ಅಲ್ಲಿ ಒಂದೆಡೆ ಸೇರಿಸಿ, ಸ್ಥಳೀಯ ವಿಚಾರಣಾ ಸಮಿತಿಯ ವರದಿಯನ್ನೂ ನ್ಯಾಕ್ ವರದಿಯನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ಪದ್ಧತಿ ಬೇಕು. ಅಧ್ಯಯನ ಮಂಡಳಿಗಳಲ್ಲಿ ಈ ಮೂರು ಊರುಗಳ ಪದವಿ ಅಧ್ಯಾಪಕರಿಗೆ ನಿಯತ ಸ್ಥಾನ ಬೇಕು, ಒಂದು ಐಚ್ಛಿಕ ಪತ್ರಿಕೆಯನ್ನಾದರೂ ಅವರೇ ರೂಪಿಸಲಿ. ಎಲ್ಲಕ್ಕಿಂತ ಮೊದಲು ಪರೀಕ್ಷಾ ವಿಭಾಗ ಪ್ರತಿ ಸೆಮಿಸ್ಟರಿನ ಫಲಿತಾಂಶವನ್ನು ಕಾಲೇಜುವಾರು, ವಿಷಯವಾರು ಬಿಡಿಸಿ ಕಾಲೇಜುಗಳಿಗೆ ಕಳಿಸಿಕೊಡಬೇಕು. ಯುಯುಸಿಎಂಎಸ್‌ನಲ್ಲಿ ಆ ಅಂಕಿಗಳು ಈಗಾಗಲೇ ಇವೆ. ವಿಶ್ವವಿದ್ಯಾಲಯದ ಮುಂದಿನ ಸ್ವಯಂ ಅಧ್ಯಯನ ವರದಿಯಲ್ಲಿ ಪಾವಟೆ ನಗರದ ವಿಭಾಗಗಳ ಪಕ್ಕದಲ್ಲೇ ಈ ಕಾಲೇಜುಗಳ ಅಂಕಿಗಳಿಗೂ ಒಂದು ಅಧ್ಯಾಯ ಕೊಡಬೇಕು.